ಪುಸ್ತಕದಲ್ಲಿಲ್ಲದ ಆಟಗಾರ್ತಿ

ಆಯಿಯ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಒಂದು ಕಚ್ಚು ಇತ್ತು. ತುದಿಯಿಂದ ನಡುವಿನವರೆಗೆ ನೆಟ್ಟಗೆ ಇಳಿದ ಸಣ್ಣ ಗೆರೆ. ಮಗ್ಗದ ಮೇಲೆ ರೇಶಿಮೆ ಎಳೆ ಹರಿದಾಗ ಎರಡೂ ತುದಿ ಹೊಸೆದು ಗಂಟು ಹಾಕಿ, ಉಳಿದ ಚೂರನ್ನು ಆ ಉಗುರಿಗೆ ಸಿಕ್ಕಿಸಿ ಚಟ್ಟನೆ ಕಡಿಯುತ್ತಿದ್ದಳು. ಕತ್ತರಿ ಹುಡುಕುವ ಹೊತ್ತಿನಲ್ಲಿ ನಾಲ್ಕು ಸಲ ಲಾಳಿ ಓಡಿಸಬಹುದು ಎನ್ನುತ್ತಿದ್ದಳು. ಉಗುರು ಬೆಳೆದ ಹಾಗೆ ಆ ಗೆರೆ ಸರಿದು ಹೋಗಬೇಕಿತ್ತು. ಹೋಗುತ್ತಿರಲಿಲ್ಲ, ದಿನವೂ ಹೊಸದಾಗಿ ಬೀಳುತ್ತಿತ್ತು.

ಗುಳೇದಗುಡ್ಡದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳು ನಮಗೆ ಬಳಗವೂ ಅಲ್ಲ, ಬೀಗತನವೂ ಇಲ್ಲ. ಅವ್ವ ಶಾಲೆಯ ಟೀಚರು, ಅಪ್ಪ ಬಾಗಲಕೋಟೆಯ ಕಚೇರಿಯಲ್ಲಿ ಕಾರಕೂನ. ಇಬ್ಬರೂ ಮನೆ ಮುಟ್ಟುವುದು ಸಂಜೆಯೇ. ಹೀಗಾಗಿ ಶಾಲೆ ಬಿಟ್ಟ ಕೂಡಲೇ ನಾನು ಚೀಲವನ್ನು ಒಂದು ಕಡೆ ಒಗೆದು ಬಾಜೂಮನೆಯ ಮಗ್ಗದ ಕುಣಿಯ ದಂಡೆಗೆ ಹೋಗಿ ಕೂರುತ್ತಿದ್ದೆ. ಓಣಿಯ ಮಂದಿಯೆಲ್ಲ ಅವಳನ್ನು ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ನನ್ನ ಸ್ವಂತ ಅಜ್ಜಿಯನ್ನು ಕಂಡದ್ದು ಫೋಟೋದಲ್ಲಿ ಮಾತ್ರ, ಆದರೆ ಅಜ್ಜಿಯಿಲ್ಲ ಎಂಬ ಕೊರತೆ ನನಗೆ ಯಾವತ್ತೂ ಗೊತ್ತಾಗಲಿಲ್ಲ.

ಬೆಳಗ್ಗೆ ಒಂದು ಗೇಣು ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವವರೆಗೆ ಆಯಿ ಚಹಾ ಕುಡಿಯುತ್ತಿರಲಿಲ್ಲ. ಕುಡಿದರೂ ಬಸಿಗೆ ಸುರುವಿಕೊಂಡು, ಕುಣಿಯಲ್ಲಿ ಇಳಿಬಿಟ್ಟ ಕಾಲು ಎತ್ತದೆಯೇ ಕುಡಿಯುತ್ತಿದ್ದಳು. ಎಳೆಗಳ ಜತೆ ಅವಳಿಗೆ ದಿನಾ ಜಗಳ. ಪದೇ ಪದೇ ಹರಿಯುವ ಎಳೆಗೆ ಓಣಿಯಲ್ಲಿ ತನಗೆ ಆಗಿಬರದ ಹೆಂಗಸರ ಹೆಸರು ಇಟ್ಟು ಬೈಯುತ್ತಿದ್ದಳು. "ಬಂದಳು ನೋಡು ನಳದ ಹತ್ತರದಾಕಿ, ಇಕಿಗೆ ಎಷ್ಟು ಗಂಟ ಹಾಕಿದ್ರೂ ಕಡಿಮಿ!" ಎಂದು ಆಕೆಯನ್ನು ಉಗುರಿನಿಂದ ಕಡಿದು ಕೂರಿಸುತ್ತಿದ್ದಳು. ಆ ನಳದ ಹತ್ತಿರದಾಕೆ ಒಮ್ಮೆ ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡಳು. ಆಯಿ ಸ್ವಲ್ಪವೂ ಗಲಿಬಿಲಿಯಾಗದೆ, "ಬಾರವ್ವಾ, ನಿನ್ನ ನೆನಸಾಕತ್ತಿದ್ನಿ, ನೂರು ವರ್ಷ ಆಯುಷ್ಯ" ಎಂದು ಕೂಡ್ರಿಸಿ ಚಹಾ ಕೊಟ್ಟಳು.

ಅವಳ ಗಂಡನಿಗೆ ದಮ್ಮು. ಕಟ್ಟೆಯ ಮೇಲೆ ಕುಳಿತು ಲಾಳಿಗೆ ಬೇಕಾದ ನೂಲು ಸುತ್ತಿಕೊಡುವುದಷ್ಟೇ ಅವನಿಂದ ಆಗುತ್ತಿತ್ತು. ಅವನು ತೀರಿದಾಗ ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಹಾಸು ಅರ್ಧವಷ್ಟೇ ನೇಯ್ದಾಗಿತ್ತು. ಅಷ್ಟೊತ್ತಿಗೆ ಆಯಿಯ ಕಣ್ಣೂ ಮಂಜಾಗಿತ್ತು, ಯಂತ್ರದ ಮಗ್ಗಗಳ ಮುಂದೆ ಕೈಮಗ್ಗಕ್ಕೆ ಬೆಲೆಯೂ ಉಳಿದಿರಲಿಲ್ಲ. ಇನ್ನು ಸಾಕು ಬಿಡು ಎಂದು ಮಗ ಹೇಳಿದ. ಹನ್ನೊಂದು ದಿನ ಕಳೆದ ಮೇಲೆ ಅವಳು ಮತ್ತೆ ಕುಣಿಗೆ ಇಳಿದಳು. "ಅರ್ಧ ಹಾಸು ಬಿಟ್ಟು ಏಳಬಾರದಪಾ. ನಾ ಒಮ್ಮಿಯೂ ಎದ್ದಿಲ್ಲ" ಎಂದು ಹಾಸು ಪೂರ್ತಿ ನೇಯ್ದು ಮುಗಿಸಿ, ಮಗ್ಗಕ್ಕೆ ಕೈ ಮುಗಿದು ಮೇಲೆ ಬಂದಳು. ಮುಂದಿನ ವಾರ ಮಗ ಕುಣಿಗೆ ಮಣ್ಣು ತುಂಬಿಸಿ ಮೇಲೆ ಪರಸಿ ಕಲ್ಲು ಹಾಸಿದ. ಆ ಜಾಗದಲ್ಲಿ ಟಿ.ವಿ. ಬಂತು.

ಆಮೇಲೆ ಅವಳ ಕಣ್ಣಿನ ಆಪರೇಷನ್ ಆಯಿತು, ಕಾಣತೊಡಗಿತು. ಆದರೆ ಕಂಡು ಮಾಡುವುದೇನು? ಸೊಸೆ ಒಳ್ಳೆಯವಳು, ನಾನು ಆಕೆಯನ್ನು ವೈನಿ ಎನ್ನುತ್ತೇನೆ. ಅತ್ತೆಗೆ ಕಷ್ಟವಾಗಬಾರದೆಂದು ಪಲ್ಲೆ ಸೋಸಲಿಕ್ಕೂ ಕೊಡುತ್ತಿರಲಿಲ್ಲ. ಆಯಿ ಕಟ್ಟೆಯ ಮೇಲೆ ಕುಳಿತು ತನ್ನ ಸೀರೆಯ ಸೆರಗಿನ ಎಳೆಯನ್ನೇ ಬಿಚ್ಚುವುದು, ಮತ್ತೆ ಹೊಸೆಯುವುದು ಮಾಡುತ್ತಿದ್ದಳು. ನಾನು ಊರಿಗೆ ಹೋದಾಗ ಒಮ್ಮೆ ಆ ಕೈ ಹಿಡಿದು ನೋಡಿದೆ. ಉಗುರಿನ ಕಚ್ಚು ಹೋಗಿ ನುಣ್ಣಗಾಗಿತ್ತು. "ಕೈಗೆ ಕೆಲಸ ಇಲ್ಲಂದ್ರ ನನಗ ಉಂಡದ್ದು ಕರಗೂದಿಲ್ಲವ್ವಾ" ಎಂದಳು. ನಾನು ಔಷಧಿ ತಗೋ ಎಂದೆ. ಓದಿಕೊಂಡವರು ಇಂಥ ಹೊತ್ತಿನಲ್ಲಿ ಇಂಥದ್ದೇ ಹೇಳುತ್ತಾರೆ.

ನಾನು ಓದಿದ್ದು ಬಾಗಲಕೋಟೆಯಲ್ಲಿ, ಎಲೆಕ್ಟ್ರಾನಿಕ್ಸ್. ನೌಕರಿಯೂ ಅಲ್ಲೇ ನವನಗರದ ಒಂದು ಸಣ್ಣ ಕಂಪನಿಯಲ್ಲಿ. ಶಾಲೆಗಳಿಗೆ ತಾನೇ ಬಾರಿಸುವ ಗಂಟೆ, ಗುಡಿಗಳಿಗೆ ಕರೆಂಟಿನ ನಗಾರಿ, ಮನೆಗಳಿಗೆ ಸ್ಟೆಬಿಲೈಜರು, ಇವು ನಮ್ಮ ಮಾಲು. ನಮ್ಮ ಸರ್‌ಗೆ ಒಂದು ಹುಚ್ಚು ಹತ್ತಿತು. ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆ ಮಾಡಬೇಕು, ಅದರ ಮಾತೆಲ್ಲ ಕನ್ನಡದಲ್ಲಿರಬೇಕು, ಸಾಮಾನ್ಯ ಮನೆಯವರಿಗೂ ಎಟುಕಬೇಕು. ಒಂದೂವರೆ ವರ್ಷ ನಾವು ನಾಲ್ವರು ಅದಕ್ಕೇ ಕುಳಿತೆವು. ಏಳು ಆಟ ತಯಾರಾದವು. ಮೋಟಾರ್‌ಸೈಕಲ್ ಓಡಿಸುವುದು, ಕೋಟೆ ಹತ್ತುವುದು, ಬಡಿದಾಟ ಹೀಗೆ ಆರು. ಏಳನೆಯದನ್ನು ನಾನೇ ಮಾಡಿದೆ. ಪರದೆಯ ಮೇಲೆ ಬಣ್ಣಬಣ್ಣದ ಎಳೆಗಳು, ಯಾವುದನ್ನು ಎಲ್ಲಿ ಕೂರಿಸುತ್ತೀರೋ ಹಾಗೆ ಸಾಲು ಸಾಲಾಗಿ ಬಟ್ಟೆ ಬೆಳೆಯುತ್ತಾ ಹೋಗುತ್ತದೆ. ತಪ್ಪಿದರೆ ಸಾಲು ಬಿಚ್ಚಬಹುದು. ಸಮಯದ ಗಡುವಿಲ್ಲ, ಹೊಡೆಯುವವರಿಲ್ಲ, ಸಾಯುವವರಿಲ್ಲ. ಯಾರ ಕೈ ನೋಡಿ ಅದನ್ನು ಮಾಡಿದೆ ಎಂದು ಬೇರೆ ಹೇಳಬೇಕಿಲ್ಲ. ಆದರೆ ಕಂಪನಿಯಲ್ಲಿ ಯಾರಿಗೂ ಹೇಳಲಿಲ್ಲ, ನಗುತ್ತಾರೆಂದು.

ಪೆಟ್ಟಿಗೆಯೇನೋ ಆಯಿತು, ಇದು ಯಾರಿಗೆ ಎಂಬ ಪ್ರಶ್ನೆ ಹುಟ್ಟಿತು. ಸರ್ ಹುಬ್ಬಳ್ಳಿಯಿಂದ ಮಾರ್ಕೆಟಿಂಗ್ ತಿಳಿದವರೊಬ್ಬರನ್ನು ಕರೆಸಿದರು. ಅವರು ಬಿಳಿ ಹಲಗೆಯ ಮೇಲೆ ಮೂರು ಗೆರೆ ಎಳೆದು, "ಎಂಟರಿಂದ ಹದಿನಾಲ್ಕರ ಹುಡುಗರು, ಕಾಲೇಜ್ ಹುಡುಗರು, ಇಡೀ ಕುಟುಂಬ. ಮೂರರಾಗ ಒಂದು ಹೇಳ್ರಿ" ಎಂದರು. ಹುಡುಗರಿಗೆಂದರೆ ಕೆಂಪು ಕಪ್ಪು ಬಣ್ಣ, ಗಾಡಿ, ಬಡಿದಾಟ, ಶಾಲೆಯ ಗೇಟಿನ ಮುಂದೆ ಜಾಹೀರಾತು. ಕುಟುಂಬಕ್ಕೆಂದರೆ ಬಣ್ಣವೇ ಬೇರೆ, ಆಟಗಳೇ ಬೇರೆ, ಅಂಗಡಿಯಲ್ಲಿ ಇಡುವ ಜಾಗವೇ ಬೇರೆ. "ಎಲ್ಲಾರಿಗೂ ಅಂತ ಹೊಂಟ್ರ ಯಾರೂ ನಮ್ಮದು ಅನ್ನೂದಿಲ್ರಿ" ಎಂದರು. ಸರ್ ಮನಸ್ಸು ಮೊದಲಿನಿಂದಲೂ ಹುಡುಗರ ಕಡೆಗೇ ವಾಲಿತ್ತು. ಆದರೂ ನ್ಯಾಯವಂತ ಮನುಷ್ಯ, ನೋಡೇ ಬಿಡೋಣ ಎಂದರು. ಬಾಗಲಕೋಟೆ, ಗುಳೇದಗುಡ್ಡ, ಇಳಕಲ್ಲಿನ ಕೆಲವು ಮನೆಗಳಿಗೆ ಒಂದು ತಿಂಗಳ ಮಟ್ಟಿಗೆ ಪೆಟ್ಟಿಗೆ ಕೊಡುವುದು, ಜತೆಗೆ ಒಂದು ಪುಸ್ತಕ. ಯಾರು ಆಡಿದರು, ಯಾವ ಆಟ, ಎಷ್ಟು ಹೊತ್ತು ಎಂದು ಮನೆಯವರೇ ಬರೆಯಬೇಕು. ಶಾಲೆಗೆ ಹೋಗುವ ಮಕ್ಕಳಿದ್ದ ಮನೆಯೇ ಆಗಬೇಕು.

ಗುಳೇದಗುಡ್ಡದ ಮನೆಗಳನ್ನು ಆರಿಸುವ ಕೆಲಸ ನನ್ನದು. ಆಯಿಯ ಮನೆಗೆ ಒಂದು ಕೊಡಲೇಬೇಕೆಂದು ಹಟ ಹುಟ್ಟಿತು. ಅವಳ ಮೊಮ್ಮಗನೊಬ್ಬ ಎಂಟನೇ ಇಯತ್ತೆಯಲ್ಲಿದ್ದ, ನಿಜ. ಆದರೆ ಅವನಿದ್ದದ್ದು ಬಾದಾಮಿ ಕಡೆಯ ವಸತಿ ಶಾಲೆಯಲ್ಲಿ. ನಾನು ಪುಸ್ತಕದ ಮೇಲೆ ಅವನ ಹೆಸರು ಬರೆದು ಪೆಟ್ಟಿಗೆ ಕೊಟ್ಟುಬಂದೆ. ಪ್ರೀತಿಯಿಂದಲೇ ಮಾಡಿದ ಸುಳ್ಳು. ಆಮೇಲಿನ ಸುಳ್ಳುಗಳು ಪ್ರೀತಿಯವಲ್ಲ.

ಮೊದಲ ದಿನ ನಾನೇ ಜೋಡಿಸಿ ತೋರಿಸಿದೆ. ಗುಂಡಿಗಳಿದ್ದ ಹಿಡಿಕೆಯನ್ನು ಕೈಗೆ ಕೊಟ್ಟರೆ ಆಯಿ ಬಿಸಿ ಬೋಗುಣಿ ಮುಟ್ಟಿದವಳಂತೆ ಹಿಂದೆ ಸರಿದಳು.

"ನನಗ್ಯಾಕವ್ವಾ ಇದು, ಹುಡುಗರ ಆಟ."

"ಒಮ್ಮಿ ಒತ್ತು ಆಯಿ, ಏನ್ ಕಚ್ಚತೈತೇನು?"

ಒತ್ತಿದಳು. ಒಂದು ಎಳೆ ಹೋಗಿ ಕುಳಿತಿತು. ಮತ್ತೊಂದು ಒತ್ತಿದಳು. ಹತ್ತು ನಿಮಿಷಕ್ಕೆ ನನ್ನ ಮಾತು ಅವಳ ಕಿವಿಗೆ ಬೀಳುವುದು ನಿಂತಿತು. ತಪ್ಪಿದಾಗ ಸಾಲು ಬಿಚ್ಚುವ ಗುಂಡಿ ತೋರಿಸಿದೆ. "ಬಿಚ್ಚಾಕೂ ಬರತೈತಾ!" ಎಂದು ಬಾಯಿ ತೆರೆದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ವರ್ಷಗಳೇ ಆಗಿದ್ದವು, ನನಗೆ ಕಣ್ಣಲ್ಲಿ ನೀರು ಬಂತು. ಮಗ್ಗದ ಕುಣಿಯಿದ್ದ ಕಡೆಗೇ ಮುಖ ಮಾಡಿ, ಕಾಲು ಚಾಚಿಕೊಂಡು ಕುಳಿತಿದ್ದಳು.

ವಾರಕ್ಕೊಮ್ಮೆ ಪುಸ್ತಕ ನೋಡಲು ಹೋಗಬೇಕಿತ್ತು. ಎರಡನೇ ವಾರ ಹೋದಾಗ ಬೆಳಗಿನ ಹನ್ನೊಂದು ಗಂಟೆ. ಬಾಗಿಲಲ್ಲೇ ಕೇಳಿಸಿತು, ಆಯಿ ಎಳೆಗಳನ್ನು ಬೈಯುತ್ತಿದ್ದಳು. ನಳದ ಹತ್ತಿರದಾಕೆ ತೀರಿಕೊಂಡು ಎಷ್ಟೋ ದಿನವಾಗಿದ್ದರೂ ಟಿ.ವಿ.ಯೊಳಗೆ ಇನ್ನೂ ಬೈಸಿಕೊಳ್ಳುತ್ತಿದ್ದಳು. ವೈನಿ ಅಡುಗೆ ಮನೆಯಿಂದ ಹೇಳಿದಳು: "ಉಂಡದ್ದು ಕರಗಾಕತ್ತೈತಿ ನೋಡ್ರಿ ಈಗ. ನನ್ನ ಕೂಡ ಜಗಳಾನೂ ತಗಿಯೂದಿಲ್ಲ."

ಪುಸ್ತಕ ತೆರೆದೆ. ದಿನವೂ ಎರಡು ತಾಸು, ಮೂರು ತಾಸು, ಏಳನೇ ಆಟ. ಆಡಿದವರ ಹೆಸರಿನ ಕೆಳಗೆ ಪ್ರತಿ ಸಾಲಿನಲ್ಲೂ ಮೊಮ್ಮಗನ ಹೆಸರು. ಆಯಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ದಪ್ಪ ಅಕ್ಷರದಲ್ಲಿ, ಒತ್ತಿ ಒತ್ತಿ ಬರೆದಿದ್ದಳು.

"ಆಯಿ, ಆಡಿದಾಕಿ ನೀನು. ಅವನ ಹೆಸರು ಯಾಕ ಬರದಿ?"

"ಮ್ಯಾಲೆ ಅವನ ಹೆಸರು ನೀನೇ ಬರದೀಯಲ್ಲ. ವಸ್ತು ಯಾರ ಹೆಸರಿಗೆ ಬಂದೈತೋ ಅವರದೇ ಬರೀಬೇಕು." ಮತ್ತೆ ಅಂದಳು: "ನಲವತ್ತು ವರ್ಷ ಖಣಾ ನೇದಾಕಿ ನಾನು, ನೂಲು ಕೊಡೂ ಮಾಲಕರ ಪುಸ್ತಕದಾಗ ಹೆಸರು ನಮ್ಮ ಯಜಮಾನರದು. ಅದರಾಗೇನ ತಪ್ಪೈತಿ? ಮನಿಯಾಗ ಗಂಡುಮಗ ಇದ್ದ ಮ್ಯಾಲೆ ಮುದುಕಿ ಟಿ.ವಿ. ಮುಂದ ಆಟಾ ಆಡತಾಳಂತ ಬರಸೂದು ಚಂದ ಕಾಣತೈತೇನು?"

ನನಗೆ ನಗು ಬಂತು. ನಗುತ್ತಲೇ ಅವತ್ತಿನ ಲೆಕ್ಕವನ್ನು ನನ್ನ ಹಾಳೆಗೆ ಇಳಿಸಿದೆ. ಹುಡುಗ, ಹದಿಮೂರು ವರ್ಷ, ದಿನಕ್ಕೆ ಎರಡೂವರೆ ತಾಸು. ಹುಡುಗ ಬಾದಾಮಿ ಕಡೆ ಹಾಸ್ಟೆಲಿನಲ್ಲಿ ಗಣಿತ ಮಾಡುತ್ತಿದ್ದ. ಅಲ್ಲಿ ತಿದ್ದಿದ್ದರೆ ಆಗುತ್ತಿತ್ತು. ಆದರೆ ತಿದ್ದಿದರೆ, ಹುಡುಗನಿಲ್ಲದ ಮನೆಗೆ ಪೆಟ್ಟಿಗೆ ಹೇಗೆ ಕೊಟ್ಟಿರಿ ಎಂದು ಸರ್ ಕೇಳುತ್ತಿದ್ದರು. ನಮ್ಮ ಹಾಳೆಯಲ್ಲಿ ವಯಸ್ಸಿನ ಕೊನೆಯ ಖಾನೆ "ಇಪ್ಪತ್ತೈದರ ಮೇಲೆ" ಎಂದಿತ್ತು. ಎಪ್ಪತ್ತು ದಾಟಿದವಳನ್ನು ಅದರಲ್ಲಿ ತುಂಬಲು ನನಗೇ ನಾಚಿಕೆಯಾಯಿತು. ನಾನು ಹೆದರಿದ್ದು ಇಷ್ಟಕ್ಕೇ, ನೌಕರಿ ಹೋಗುವ ಮಾತೇನೂ ಅಲ್ಲ.

ತಿಂಗಳು ತುಂಬಿದ ಮೇಲೆ ಎಲ್ಲ ಪುಸ್ತಕಗಳನ್ನೂ ಮೇಜಿನ ಮೇಲೆ ಹರಡಿದೆವು. ಮೂರೂ ಊರುಗಳ ಪುಸ್ತಕಗಳಲ್ಲಿ ಬರೀ ಹುಡುಗರು. ಹುಬ್ಬಳ್ಳಿಯವರು ಹಲಗೆಯ ಮೇಲಿನ ಎರಡು ಗೆರೆ ಅಳಿಸಿದರು. ಒಂದೇ ಒಂದು ಅವರಿಗೆ ಬಗೆಹರಿಯಲಿಲ್ಲ. ಇಷ್ಟು ಹುಡುಗರು ಆ ಎಳೆ ಕೂರಿಸುವ ಆಟವನ್ನು ಇಷ್ಟೊಂದು ಹೊತ್ತು ಆಡಿದ್ದಾದರೂ ಯಾಕೆ? "ಹೊಸದಂತ ಆಡಿರತಾರ. ಬಜಾರದಾಗ ಇದು ನಡಿಯೂದಿಲ್ಲ. ಇದನ್ನ ತಗದು ಇನ್ನೊಂದು ಗಾಡಿ ಆಟ ಹಾಕ್ರಿ" ಎಂದರು.

ಸರ್ ನನ್ನ ಕಡೆ ತಿರುಗಿದರು. "ನೀವು ಮನಿ ಮನಿಗೆ ಹೋಗಿ ನೋಡೀರಿ. ಎಲ್ಲಾ ಹುಡುಗರೇ ಹೌದಿಲ್ರೀ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೇಳಬೇಕಾದವಳು ನಾನೊಬ್ಬಳೇ, ಹೇಳಬೇಕಾದ ಹೊತ್ತು ಅದೊಂದೇ. "ಹೌದ್ರಿ ಸರ್" ಎಂದೆ. ನನ್ನ ಆಟವನ್ನು ನಾನೇ ತೆಗೆದುಹಾಕಿದೆ.

ಪರೀಕ್ಷೆಗೆ ಕೊಟ್ಟ ಪೆಟ್ಟಿಗೆಗಳನ್ನು ವಾಪಸು ತರಬೇಕಿತ್ತು. ಆಯಿಯ ಮನೆಗೆ ಕಡೆಗೆ ಹೋದೆ. ಅವಳು ಆಡುತ್ತಿದ್ದಳು. ನಾನು ಹೀಗೆ ಹೀಗೆ ಎಂದು ಹೇಳಿದೆ. ಅವಳು ಹಿಡಿಕೆಯನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅದರಾಗ ನನ್ನ ಅರಿವಿ ಐತಲ್ಲವ್ವಾ. ಅರ್ಧ ಆಗೈತಿ. ಅದೇನಾಕ್ಕತಿ?"

"ಅದು ಪೆಟಗಿಯಾಗ ಇರತೈತಿ ಆಯಿ, ಎಲ್ಲಿಗೂ ಹೋಗೂದಿಲ್ಲ. ಬಜಾರಕ್ಕ ಬಂದ ಕೂಡ್ಲೇ ನಿನಗ ಒಂದು ಹೊಸಾದು ತಂದು ಕೊಡತೇನಿ."

"ಈಗ ಎರಡು ದಿನ ಬಿಟ್ಟು ಒಯ್ದರ ನಡಿಯೂದಿಲ್ಲೇನು? ಅಂಚು ಒಂದು ಮುಗಸತಿದ್ನಿ."

ಗಾಡಿ ಬಾಗಿಲಲ್ಲಿ ನಿಂತಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಇಲ್ಲ ಆಯಿ, ಇವತ್ತೇ ಒಯ್ಯಬೇಕು ಎಂದೆ. ಅವಳು ಹೂಂ ಎಂದಳು. ಪೆಟ್ಟಿಗೆಯನ್ನೂ ಅದರ ರಟ್ಟಿನ ಡಬ್ಬಿಯನ್ನೂ ಒಳಗೆ ಒಯ್ದು, ತಾನೇ ಕಟ್ಟಿ ತಂದುಕೊಟ್ಟಳು. ನಮ್ಮ ಕಡೆ ಒಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವ ಪದ್ಧತಿಯಿಲ್ಲ. ನಾನು ಬಾಗಲಕೋಟೆಗೆ ಬಂದು ಡಬ್ಬಿ ಬಿಚ್ಚಿದರೆ, ಪೆಟ್ಟಿಗೆಯ ಬದಿಯಲ್ಲಿ ಒಂದು ಸಕ್ಕರೆಯ ಪುಡಿಕೆ, ಒಂದು ಖಣ. ಕಂಪನಿಯವರು ಆ ಸಕ್ಕರೆಯನ್ನು ಚಹಾಕ್ಕೆ ಹಾಕಿ ಕುಡಿದೆವು. ಖಣವನ್ನು ನಾನು ಮನೆಗೆ ಒಯ್ದೆ, ಇನ್ನೂ ಹೊಲಿಸಿಲ್ಲ.

ಕೆಂಪು ಕಪ್ಪು ಪೆಟ್ಟಿಗೆ ಬಜಾರಿಗೆ ಬಂತು. ಶಾಲೆಗಳ ಮುಂದೆ ಫಲಕ ನಿಲ್ಲಿಸಿದೆವು, ಇಳಕಲ್ಲಿನಲ್ಲಿ, ಬಾಗಲಕೋಟೆಯಲ್ಲಿ ಅಂಗಡಿಗಳ ಎದುರು ಹುಡುಗರಿಗೆ ಪುಕ್ಕಟೆ ಆಡಲು ಬಿಟ್ಟೆವು. ಹುಡುಗರು ಸಾಲುಗಟ್ಟಿ ಬಂದು ಆಡಿದರು, ಆಡಿ ಮನೆಗೆ ಹೋದರು. ಮನೆಯಲ್ಲಿ ಅವರಿಗೆ ಮೊಬೈಲ್ ಇತ್ತು, ಅದರಲ್ಲಿ ಇದಕ್ಕಿಂತ ಚಂದದ ಗಾಡಿ, ಇದಕ್ಕಿಂತ ಜೋರಿನ ಬಡಿದಾಟ ಇತ್ತು. ಅಪ್ಪಂದಿರು ಪೆಟ್ಟಿಗೆಯನ್ನು ಹೊರಳಿಸಿ ನೋಡಿ, ಅಭ್ಯಾಸ ಹಾಳಾಕ್ಕತಿ ಎಂದು ಇಟ್ಟು ನಡೆದರು. ಎರಡು ತಿಂಗಳಿಗೆ ಅಂಗಡಿಯವರು ನಮ್ಮ ಫೋನು ಎತ್ತುವುದನ್ನೇ ಬಿಟ್ಟರು.

ಕೊಟ್ಟ ಮಾತು ಉಳಿಸಬೇಕೆಂದು ಆಯಿಗೆ ಒಂದು ಹೊಸ ಪೆಟ್ಟಿಗೆ ಒಯ್ದೆ. ಅದರಲ್ಲಿ ಅವಳ ಆಟ ಇಲ್ಲವೆಂದು ನನಗೆ ಗೊತ್ತಿತ್ತು. ಹೇಳೋಣವೆಂದುಕೊಂಡೇ ಹೋದೆ. ಆದರೆ ಅವಳು ನನ್ನನ್ನು ಕಂಡ ಕೂಡಲೇ ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡು ಬಂದು ಕುಳಿತಳು. ನಾನು ಹೇಳದೆಯೇ ಪೆಟ್ಟಿಗೆ ಬಿಚ್ಚಿದೆ. ಜೋಡಿಸಿದೆ. ಮೊದಲನೇ ಆಟ ಬಂತು, ಮುಂದಿನ ಗುಂಡಿ ಒತ್ತಿದಳು. ಎರಡನೆಯದು, ಮೂರನೆಯದು. ಏಳೂ ಮುಗಿದವು. ಮತ್ತೆ ಮೊದಲಿನಿಂದ ಒತ್ತುತ್ತಾ ಹೋದಳು. ಕಣ್ಣು ಕಿರಿದು ಮಾಡಿ ಪರದೆಯ ಹತ್ತಿರ ಸರಿದು ನೋಡಿದಳು, ತನ್ನ ಕಣ್ಣಿನದೇ ತಪ್ಪು ಎಂದುಕೊಂಡಳೋ ಏನೋ. ಮೂರನೇ ಸುತ್ತೂ ಮುಗಿದಾಗ ಹಿಡಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಕಡೆ ನೋಡಿ ನಕ್ಕಳು.

"ಛಲೋ ಐತೆವ್ವಾ. ಭಾಳ ಛಲೋ ಮಾಡೀರಿ. ಹುಡುಗರು ಖುಷಿ ಆಕ್ಕಾವು."

ಚಹಾ ಬಂತು. ಬಸಿಗೆ ಸುರುವಿಕೊಂಡು ಕುಡಿಯುವಾಗ ಮೆಲ್ಲಗೆ ಅಂದಳು, "ಅದನ್ನ ತಗದಿರೇನವ್ವಾ?" ನಾನು ಹೌದೆಂದು ಗೋಣು ಹಾಕಿದೆ. "ಇರಲಿ ಬಿಡು. ನಮ್ಮಂಥವರ ಸಲುವಾಗಿ ಯಾರ ಮಾಡತಾರ" ಎಂದಳು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಬಾಗಲಕೋಟೆಯವರೆಗೂ ಅತ್ತೆ.

ಮರುದಿನ ಗೋದಾಮಿನ ಚೀಲ ಸುರುವಿ, ಅವಳು ಆಡಿದ್ದ ಹಳೆಯ ಪೆಟ್ಟಿಗೆ ಹುಡುಕಿ ತೆಗೆದೆ. ಆಫೀಸಿನ ಟಿ.ವಿ.ಗೆ ಜೋಡಿಸಿದೆ. ಏಳನೇ ಆಟ ತೆರೆದ ಕೂಡಲೇ ಬಟ್ಟೆ ಹರವಿಕೊಳ್ಳುತ್ತಾ ಹೋಯಿತು. ನಾನು ಆಟದಲ್ಲಿ ಇಟ್ಟಿದ್ದ ನಮೂನೆಗಳು ಐದೇ ಐದು, ಎಲ್ಲ ಸಾದಾ. ಅವಳು ಅವನ್ನು ಮುಟ್ಟಿರಲೇ ಇಲ್ಲ. ಕೆಂಪು ನೆಲದ ಮೇಲೆ ಸೂಜಿಮಲ್ಲಿಗೆಯ ಹೂ ಸಾಲು ಸಾಲಾಗಿ ಬಂದಿದ್ದವು, ಒಂದೂ ತಪ್ಪಿಲ್ಲದೆ, ಹಸಿರು ಅಂಚಿನ ಸಮೇತ. ಪರದೆ ಸರಿಸಿದಷ್ಟೂ ಬಟ್ಟೆ ಬರುತ್ತಲೇ ಇತ್ತು. ಕೊನೆಗೆ ಅಂಚಿನ ಒಂದು ಸಾಲಿನ ನಟ್ಟನಡುವೆ ನಿಂತುಬಿಟ್ಟಿತ್ತು. ಅರ್ಧ ಸಾಲು. ನಾನು ಹೋಗಿ, ಇವತ್ತೇ ಒಯ್ಯಬೇಕು ಎಂದ ಗಳಿಗೆ ಅದು.

ಸರ್ ಯಾವಾಗ ಬಂದು ಹಿಂದೆ ನಿಂತಿದ್ದರೋ ತಿಳಿಯಲಿಲ್ಲ. "ಯಾವ ಹುಡುಗ್ರೀ ಇಂವ?" ಎಂದು ಕೇಳಿದರು.

ಹೇಳಿದೆ. ಪುಸ್ತಕದ ಮೇಲೆ ಬರೆದ ಹೆಸರಿನಿಂದ ಹಿಡಿದು, ಹೌದ್ರಿ ಸರ್ ಎಂದವರೆಗೆ ಎಲ್ಲ. ಅವರು ಬೈಯಲಿಲ್ಲ. ಪೆಟ್ಟಿಗೆ ಯಾವಾಗ ಚಾಲೂ ಆಯಿತು, ಯಾವಾಗ ಬಂದ್ ಆಯಿತು ಎಂಬುದು ಒಳಗೇ ದಾಖಲಾಗುತ್ತದೆ. ಅದನ್ನು ತೆಗೆಯಿರಿ ಎಂದರು. ಆಡಿದ್ದೆಲ್ಲ ಹನ್ನೊಂದರಿಂದ ನಾಲ್ಕರ ನಡುವೆ. ಉಳಿದ ಪೆಟ್ಟಿಗೆಗಳನ್ನೂ ತೆಗೆದೆವು. ಬಹಳಷ್ಟು ಮನೆಗಳಲ್ಲಿ ಹನ್ನೊಂದರಿಂದ ನಾಲ್ಕು, ಹುಡುಗರು ಶಾಲೆಯಲ್ಲಿರುವ ಹೊತ್ತು. ನಾನು ಇಳಕಲ್ಲಿನ ಒಂದು ಮನೆಗೆ ಫೋನು ಮಾಡಿದೆ. ಅತ್ತ ಕಡೆಯ ಹೆಣ್ಣುಮಗಳು ಮೊದಲು ಹೆದರಿದಳು, ಆಮೇಲೆ ನಕ್ಕಳು. "ನಾನೂ ನಮ್ಮ ನೆಗೆಣ್ಣಿನೂ ಆಡತಿದ್ವಿ ನೋಡ್ರಿ. ಪುಸ್ತಕದಾಗ ಮಗನ ಹೆಸರ ಹಾಕಿದ್ವಿ. ನಮ್ಮ ಹೆಸರು ಹ್ಯಾಂಗ ಬರಿಯೂದು?" ಎಂದಳು.

ಸರ್ ಬಹಳ ಹೊತ್ತು ಆ ಸೂಜಿಮಲ್ಲಿಗೆ ನೋಡುತ್ತಾ ಕುಳಿತರು. "ನಮ್ಮವ್ವ ಕೌದಿ ಹೊಲೀತಿದ್ಲು" ಎಂದರು. ಎದ್ದು ಹೋಗುವಾಗ, "ಅದನ್ನ ಹೊಳ್ಳಿ ಹಾಕ್ರಿ. ಹೆಣ್ಣುಮಕ್ಕಳ ಸಲುವಾಗಿನೇ ಬ್ಯಾರೆ ಪೆಟಗಿ ಮಾಡೂಣು. ಆ ಆಯಿನ್ನ ಒಮ್ಮಿ ಕರಕೊಂಡು ಬರ್ರಿ ಇಲ್ಲಿಗೆ" ಎಂದರು.

ನಾನು ಹಳೆಯ ಪೆಟ್ಟಿಗೆಯನ್ನು ಒರೆಸಿ, ಹಿಡಿಕೆಯ ಗುಂಡಿಗಳನ್ನು ಸ್ವಲ್ಪ ದೊಡ್ಡವು ಮಾಡಿ, ಅವಳ ಬಟ್ಟೆಯನ್ನು ಹಾಗೇ ಉಳಿಸಿ ಚೀಲದಲ್ಲಿ ಇಟ್ಟುಕೊಂಡೆ. ಆದಿತ್ಯವಾರ ಊರಿಗೆ ಹೋಗಿ ಕೊಟ್ಟು, ಅಂಚು ಮುಗಿಸು ಆಯಿ ಎನ್ನಬೇಕೆಂದಿದ್ದೆ. ಶುಕ್ರವಾರವೇ ಹೋಗಬಹುದಿತ್ತು. ಆದಿತ್ಯವಾರ ಸೂಟಿ ಇರುತ್ತದಲ್ಲ ಎಂದುಕೊಂಡೆ.

ಶನಿವಾರ ಬೆಳಗ್ಗೆ ವೈನಿಯ ಫೋನು ಬಂತು. ಆಯಿ ಬಚ್ಚಲ ಬಾಗಿಲಲ್ಲಿ ಬಿದ್ದಳು, ಬಾಯಿ ಸೊಟ್ಟಗಾಗಿದೆ, ಆಂಬುಲೆನ್ಸಿನಲ್ಲಿ ಬಾಗಲಕೋಟೆಗೆ ತರುತ್ತಿದ್ದೇವೆ. ಲಕ್ವಾ ಹೊಡೆದಿತ್ತು. ಬಲಗೈ ಪೂರ್ತಿ ಬಿದ್ದುಹೋಗಿತ್ತು. ಅವಳಿಗೆ ಕೊನೆಯವರೆಗೂ ಎಚ್ಚರ ಬರಲಿಲ್ಲ, ಬಂದಿದ್ದರೂ ಆ ಕೈಯಿಂದ ಏನೂ ಆಗುತ್ತಿರಲಿಲ್ಲ. ಮೂರು ದಿನ ಹಾಸಿಗೆಯ ಬದಿಗೆ ನಾನು ಕುಳಿತಿದ್ದೆ, ಆ ಪೆಟ್ಟಿಗೆ ನನ್ನ ಚೀಲದಲ್ಲೇ ಇತ್ತು. ಮೂರನೇ ದಿನ ಮಧ್ಯಾಹ್ನ ಹೋದಳು. ಯಾವ ಹಾಸನ್ನೂ ಅರ್ಧಕ್ಕೆ ಬಿಟ್ಟು ಎದ್ದವಳಲ್ಲ ಅವಳು, ಒಂದನ್ನು ಬಿಡುವ ಹಾಗೆ ನಾನು ಮಾಡಿದೆ.

ಈಗ ನಮ್ಮ ಎರಡನೇ ಪೆಟ್ಟಿಗೆ ಮನೆಗಳನ್ನು ಮುಟ್ಟುತ್ತಿದೆ. ಅದರ ಜಾಹೀರಾತಿನಲ್ಲಿ ಹುಡುಗರಿಲ್ಲ. ಒಳ್ಳೆಯ ಮಾತುಗಳು ಬರುತ್ತಿವೆ, ಸರ್ ಎಲ್ಲರೆದುರು ನನ್ನನ್ನು ಹೊಗಳುತ್ತಾರೆ. ಹೊಗಳುವಾಗಲೆಲ್ಲ ನನ್ನ ಮನಸ್ಸು ಆ ಶನಿವಾರಕ್ಕೆ ಹೋಗಿ ನಿಲ್ಲುತ್ತದೆ.

ಆಂಬುಲೆನ್ಸ್ ಬಂದು ನಿಂತಾಗ ನಾನು ದವಾಖಾನೆಯ ಬಾಗಿಲಲ್ಲೇ ಇದ್ದೆ. ಸ್ಟ್ರೆಚರಿನ ಹಿಂದೆ ಓಡುತ್ತಾ ವೈನಿ ನನಗೆ ಕೂಗಿ ಹೇಳಿದಳು, "ನೀವು ಚೀಟಿ ಮಾಡಸ್ರಿ!" ನಾನು ಕೌಂಟರಿಗೆ ಹೋದೆ.

"ಪೇಶಂಟ್ ಹೆಸರ್ರೀ?" ಎಂದ ಅಲ್ಲಿದ್ದವ.

"ಆಯಿ" ಎಂದೆ.

"ಆಯಿ ಅಲ್ರೀ, ಹೆಸರು. ಹೆಸರು ಹೇಳ್ರಿ."

ನಾನು ಬಾಯಿ ತೆರೆದೆ. ಮೂವತ್ತು ವರ್ಷ ಅವಳ ಕೈಯ ಚಹಾ ಕುಡಿದಿದ್ದೆ, ಅವಳ ತೊಡೆಯ ಮೇಲೆ ಮಲಗಿದ್ದೆ. ನಾಲಿಗೆಯ ತುದಿಗೆ ಬಂದ ಹೆಸರು ಒಂದೇ, ನಾಲ್ಕು ವಾರ ನಾನೇ ಹಾಳೆಗೆ ಇಳಿಸಿದ ಆ ಹುಡುಗನದು. ಅವನು ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದ. ಹಿಂದೆ ನಿಂತವರು ಲಗೂ ಮಾಡ್ರಿ ಎಂದು ಗದ್ದಲ ಹಾಕುತ್ತಿದ್ದರು. ನಾನು ಸಾಲು ಬಿಟ್ಟು, ಆಯಿಯ ಹೆಸರೇನು ಎಂದು ಕೇಳಲು ವೈನಿಯನ್ನು ಹುಡುಕಿಕೊಂಡು ವಾರ್ಡಿನ ಕಡೆ ಓಡಿದೆ.